ಎಫೆಸಸ್‌ನ ಕಂಬಗಳು, ಕುಶಾದಾಸಿಯ ರತ್ನಗಂಬಳಿ

ಕ್ರೂಸ್ ಹಡಗಿನವರು ಕೊಡುವ ಟೂರ್ ಪಟ್ಟಿಯನ್ನು ಕೊನೆಯ ಸಾಲಿನವರೆಗೂ ಓದುವವರು ಕಡಿಮೆ. ಮೇಲೆ ದಪ್ಪ ಅಕ್ಷರದಲ್ಲಿ ಹಳೇ ನಗರದ ಹೆಸರು, ಪಕ್ಕದಲ್ಲಿ ಕಂಬಗಳ ಫೋಟೋ. ಕೆಳಗೆ, ಟೋಪಿ ಹಾಕಿಕೊಳ್ಳಿ, ಒಳ್ಳೆ ಶೂ ಧರಿಸಿ ಅನ್ನುವ ಸೂಚನೆಗಳ ಹತ್ತಿರ, ‘ಸ್ಥಳೀಯ ಕರಕುಶಲ ಪ್ರದರ್ಶನಕ್ಕೆ ಭೇಟಿ’ ಅಂತ ಸಣ್ಣದಾಗಿ ಬರೆದಿರುತ್ತದೆ. ಟರ್ಕಿಯ ಬಂದರು ಕುಶಾದಾಸಿಯಲ್ಲಿ ಇಳಿದು ಹಳೇ ರೋಮನ್ ನಗರ ಎಫೆಸಸ್‌ಗೆ ಹೋದರೆ ಅದು ರತ್ನಗಂಬಳಿ. ನೇಪಲ್ಸ್‌ನಲ್ಲಿ ಇಳಿದು ಪಾಂಪೇಗೆ ಹೋದರೆ ಚಿಪ್ಪಿನಲ್ಲಿ ಕೆತ್ತಿದ ಉಬ್ಬುಚಿತ್ರ, ಅಂದರೆ ಕ್ಯಾಮಿಯೋ. ಈಜಿಪ್ಟಿನ ಸಫಾಗಾ ಬಂದರಿನಿಂದ ಮರುಭೂಮಿ ದಾಟಿ ಲಕ್ಸರ್‌ಗೆ ಹೋದರೆ ಅಲಬಾಸ್ಟರ್ ಕಲ್ಲಿನ ಹೂಜಿ, ಇಲ್ಲವೇ ಪಪೈರಸ್ ಗಿಡದಿಂದ ಮಾಡಿದ ಹಾಳೆ. ಊರು ಬೇರೆ, ಸರಕು ಬೇರೆ. ಬಸ್ಸು ನಿಲ್ಲುವ ಕ್ರಮ ಮಾತ್ರ ಒಂದೇ. ಮೊದಲು ಕಲ್ಲು, ಆಮೇಲೆ ಕೈಕೆಲಸ, ಆಮೇಲೆ ಹಡಗು.

ಈ ಕೈಕೆಲಸದ ಭಾಗಕ್ಕೆ ಬೈಗುಳ ಬೀಳುವುದು ಜಾಸ್ತಿ. “ಇತಿಹಾಸ ತೋರಿಸ್ತೀವಿ ಅಂತ ಹೇಳಿ ಅಂಗಡೀಲಿ ಕೂರಿಸಿಬಿಟ್ರು” ಅನ್ನುವುದು ಹಡಗಿನ ಊಟದ ಮೇಜಿನಲ್ಲಿ ದಿನಾ ಕೇಳುವ ಮಾತು. ಬೈಯುವವರಿಗೆ ಕಾರಣ ಇದೆ. ಆದರೆ ಅವರು ಬೈಯುವ ಜಾಗ ಸರಿಯಿಲ್ಲ ಅಂತ ನನಗೆ ಅನ್ನಿಸುತ್ತದೆ. ಎಫೆಸಸ್‌ನಂಥ ಊರಿನಲ್ಲಿ ಅಂಗಡಿ ಮತ್ತು ಅವಶೇಷ ಎರಡೂ ಬೇರೆ ಬೇರೆ ವಿಷಯ ಅಲ್ಲವೇ ಅಲ್ಲ. ತಕರಾರು ಇರಬೇಕಾದ್ದು ಗಡಿಯಾರದ ಮೇಲೆ, ಮತ್ತೆ ಮುಚ್ಚಿಟ್ಟ ಲೆಕ್ಕದ ಮೇಲೆ.

ಮೊದಲು ಆ ದಿನ ಹೇಗೆ ಶುರುವಾಗುತ್ತದೆ ಅನ್ನುವುದನ್ನು ಹೇಳಿಬಿಡುತ್ತೇನೆ. ಕ್ರೂಸ್‌ಗೆ ಹೋಗದವರಿಗೆ ಇದು ವಿಚಿತ್ರ ಅನ್ನಿಸಬಹುದು. ಬೆಳಿಗ್ಗೆ ತಿಂಡಿ ಮುಗಿಸಿ ಹಡಗಿನ ನಾಟಕದ ಸಭಾಂಗಣಕ್ಕೆ ಹೋಗಬೇಕು. ಅಲ್ಲಿ ಎದೆಗೆ ಒಂದು ನಂಬರ್ ಸ್ಟಿಕರ್ ಅಂಟಿಸುತ್ತಾರೆ. ನಂಬರ್ ಕರೆದಾಗ ಸಾಲಾಗಿ ಇಳಿದು, ಅದೇ ನಂಬರಿನ ಬಸ್ಸು ಹತ್ತಬೇಕು. ಗೈಡ್ ಕೈಯಲ್ಲಿ ಅದೇ ನಂಬರಿನ ಬೋರ್ಡು. ಕಿವಿಗೆ ಸಿಕ್ಕಿಸಿಕೊಳ್ಳುವ ಒಂದು ಸಣ್ಣ ರಿಸೀವರ್ ಕೊಡುತ್ತಾರೆ. ಗೈಡ್ ಮುಂದೆ ಎಲ್ಲೋ ಪಿಸುಗುಟ್ಟಿದರೂ ಹಿಂದೆ ಉಳಿದವರ ಕಿವಿಯಲ್ಲಿ ಕೇಳುತ್ತದೆ. ಅದೊಂದು ನಿಜವಾಗಲೂ ಒಳ್ಳೆಯ ಏರ್ಪಾಡು. ನಲವತ್ತು ಜನರ ಗುಂಪು ಕೂಗಾಟ ಇಲ್ಲದೆ ನಡೆಯುತ್ತದೆ.

ಇನ್ನು ಸಮಯ. ಹಡಗು ಹೊರಡುವುದಕ್ಕೆ ಮುಂಚೆ, ಸಾಮಾನ್ಯವಾಗಿ ಅರ್ಧ ಗಂಟೆ ಮೊದಲೇ, ಎಲ್ಲರೂ ಒಳಗಿರಬೇಕು. ಕೆಲವು ಸಲ ಹಡಗಿನ ಗಡಿಯಾರವೇ ಬೇರೆ, ದಡದ ಗಡಿಯಾರವೇ ಬೇರೆ ಇರುತ್ತದೆ. ಇಲ್ಲೇ ಹಡಗಿನ ಟೂರ್‌ಗೂ ಹೊರಗಿನ ಟೂರ್‌ಗೂ ಇರುವ ದೊಡ್ಡ ವ್ಯತ್ಯಾಸ. ಹಡಗಿನವರೇ ಮಾರಿದ ಟೂರಿನ ಬಸ್ಸು ತಡವಾದರೆ ಹಡಗು ಕಾಯುತ್ತದೆ, ಅಥವಾ ಅವರೇ ಮುಂದಿನ ಬಂದರಿಗೆ ತಲುಪಿಸುತ್ತಾರೆ. ನೀವೇ ದಡದಲ್ಲಿ ಟ್ಯಾಕ್ಸಿ ಮಾಡಿಕೊಂಡು ಹೋಗಿ ತಡವಾದರೆ, ಹಡಗಿನ ಬೆನ್ನು ನೋಡುತ್ತಾ ನಿಲ್ಲಬೇಕು. ಹೊರಗೆ ಇದಕ್ಕಿಂತ ಕಡಿಮೆ ದುಡ್ಡಿಗೆ ಅದೇ ಊರು, ಅದೇ ಕಂಬ ನೋಡಬಹುದು. ಗೈಡ್‌ಗಳೂ ಕಳಪೆ ಏನಲ್ಲ. ಟರ್ಕಿಯಲ್ಲಿ ಗೈಡ್ ಆಗಬೇಕಾದರೆ ಸರ್ಕಾರದ ಲೈಸೆನ್ಸ್ ಬೇಕೇ ಬೇಕು, 2012ರಿಂದ ಅದಕ್ಕೆ ಪ್ರತ್ಯೇಕ ಕಾಯ್ದೆಯೇ ಇದೆ. ಆದರೂ ಜನ ಹಡಗಿನ ಟೂರನ್ನೇ ಕೊಳ್ಳುತ್ತಾರೆ. ಕೊಡುವ ದುಡ್ಡಿನಲ್ಲಿ ಒಂದು ಪಾಲು ಭಯಕ್ಕೆ ಕೊಡುವ ದುಡ್ಡು. ನಾವೂ ಕೊಟ್ಟೆವು. ನಮ್ಮ ಭಾವನಿಗೆ ರೈಲು ಹಿಡಿಯುವಾಗಲೇ ಒಂದು ಗಂಟೆ ಮೊದಲು ಪ್ಲಾಟ್‌ಫಾರ್ಮಿನಲ್ಲಿ ಇರಬೇಕು. ಅವರು ಇರುವಾಗ ಬೇರೆ ದಾರಿ ಇರಲಿಲ್ಲ.

ಕುಶಾದಾಸಿಯಿಂದ ಎಫೆಸಸ್‌ಗೆ ಇಪ್ಪತ್ತು ಕಿಲೋಮೀಟರ್ ಆಸುಪಾಸು. ಬಸ್ಸು ಮೇಲಿನ ಗೇಟಿನಲ್ಲಿ ಇಳಿಸುತ್ತದೆ, ಕೆಳಗಿನ ಗೇಟಿನಲ್ಲಿ ಹತ್ತಿಸಿಕೊಳ್ಳುತ್ತದೆ. ಎಲ್ಲರೂ ಇಳಿಜಾರಿನಲ್ಲೇ ನಡೆಯಬೇಕು ಅನ್ನುವ ಉಪಾಯ. ಹಾಗಾಗಿ ಹಡಗಿನಿಂದ ಬಂದವರು ನಗರವನ್ನು ಹಿಂದುಮುಂದಾಗಿ ನೋಡುತ್ತಾರೆ. ಹಳೇ ಕಾಲದಲ್ಲಿ ಸಮುದ್ರದಿಂದ ಬಂದವರು ಕೆಳಗೆ ಬಂದರಿನಲ್ಲಿ ಇಳಿದು, ಅಗಲವಾದ ಅಮೃತಶಿಲೆಯ ಬೀದಿಯಲ್ಲಿ ನಡೆದು, ಎದುರಿಗೆ ಗುಡ್ಡಕ್ಕೆ ಒರಗಿದ ದೊಡ್ಡ ರಂಗಮಂದಿರ ನೋಡುತ್ತಾ ಊರೊಳಗೆ ಬರುತ್ತಿದ್ದರು. ನಾವು ಹಿತ್ತಲ ಬಾಗಿಲಿನಿಂದ ಹೋಗಿ ಮುಂಬಾಗಿಲಿನಲ್ಲಿ ಹೊರಬಂದೆವು.

ನಡೆಯುವ ಮುಖ್ಯ ಬೀದಿಗೆ ಕ್ಯುರೇಟಿಸ್ ಬೀದಿ ಅಂತ ಹೆಸರು. ಕಲ್ಲು ಸವೆದು ನುಣುಪಾಗಿದೆ, ಜಾರುತ್ತದೆ. ಎಡಬಲಕ್ಕೆ ರೋಮನ್ ಸಾಮ್ರಾಟ ಹೇಡ್ರಿಯನ್ ಹೆಸರಿನ ದೇವಾಲಯ, ಸ್ನಾನಗೃಹ, ಸಾಲಾಗಿ ಕಲ್ಲಿನ ಆಸನಗಳಿರುವ ಸಾರ್ವಜನಿಕ ಶೌಚಾಲಯ. ಈ ಶೌಚಾಲಯದ ಮುಂದೆ ಗುಂಪು ಯಾವಾಗಲೂ ಜಾಸ್ತಿ ಹೊತ್ತು ನಿಲ್ಲುತ್ತದೆ, ದೇವಾಲಯದ ಮುಂದೆ ಕಡಿಮೆ. ಮುಂದೆ ಅಮೃತಶಿಲೆ ಬೀದಿಯಲ್ಲಿ ಒಂದು ಪಾದದ ಗುರುತು ತೋರಿಸಿ, ಇದು ವೇಶ್ಯಾಗೃಹದ ಜಾಹೀರಾತು, ಜಗತ್ತಿನ ಮೊದಲ ಜಾಹೀರಾತು ಅಂತ ಹೇಳುತ್ತಾರೆ. ಇದನ್ನು ವಿದ್ವಾಂಸರೆಲ್ಲ ಒಪ್ಪಿಲ್ಲ. ಆದರೆ ಈ ಕಥೆ ಹೇಳದ ಗೈಡ್‌ಗೆ ಟಿಪ್ಸ್ ಕಡಿಮೆ ಬರುತ್ತದೇನೋ! ಆಂಟನಿ-ಕ್ಲಿಯೋಪಾತ್ರ ಈ ಊರಿಗೆ ಬಂದಿದ್ದರು ಅನ್ನುವುದು ಮಾತ್ರ ಕಟ್ಟುಕಥೆ ಅಲ್ಲ. ಕ್ರಿಸ್ತಪೂರ್ವ 33-32ರ ಚಳಿಗಾಲವನ್ನು ಅವರು ಇಲ್ಲೇ ಕಳೆದರು. ಆದರೆ ಇವತ್ತು ನಾವು ನೋಡುವ ಕಟ್ಟಡಗಳಲ್ಲಿ ಹೆಚ್ಚಿನವು ಅವರಿಗಿಂತ ಆಮೇಲಿನವು.

ಬೀದಿಯ ಕೊನೆಗೆ ಸೆಲ್ಸಸ್ ಗ್ರಂಥಾಲಯ. ಫೋಟೋದಲ್ಲಿ ಎಫೆಸಸ್ ಅಂದರೆ ಇದೇ. ರೋಮನ್ ಅಧಿಕಾರಿಯಾಗಿದ್ದ ಸೆಲ್ಸಸ್‌ನ ನೆನಪಿಗೆ ಅವನ ಮಗ ಅಕ್ವಿಲ ಎರಡನೇ ಶತಮಾನದ ಆರಂಭದಲ್ಲಿ ಕಟ್ಟಿಸಲು ಶುರುಮಾಡಿದ್ದು. ಸುಮಾರು 12,000 ಸುರುಳಿಗಳಿದ್ದವು ಅಂತ ಅಂದಾಜು. ತಂದೆಯ ಶವಪೆಟ್ಟಿಗೆ ಕಟ್ಟಡದ ಅಡಿಯಲ್ಲೇ ಇದೆ. ಗ್ರಂಥಾಲಯವೂ ಹೌದು, ಗೋರಿಯೂ ಹೌದು. ಇದರ ಬಗ್ಗೆ ಇನ್ನೊಂದು ವಿಷಯ ಇದೆ, ಸ್ವಲ್ಪ ಮುಂದೆ ಬರುತ್ತೇನೆ.

ಕೆಳಗೆ ಬಂದು ರಂಗಮಂದಿರದ ಮೆಟ್ಟಿಲ ಮೇಲೆ ನಿಂತು ನೋಡಿದರೆ ಬಂದರಿನ ಕಡೆ ಹೋಗುವ ಬೀದಿ ನೇರವಾಗಿ ಕಾಣುತ್ತದೆ. ಅರ್ಧ ಕಿಲೋಮೀಟರ್ ಉದ್ದ. ಅದರ ತುದಿಯಲ್ಲಿ ಸಮುದ್ರ ಇರಬೇಕಿತ್ತು. ಇಲ್ಲ. ಜೊಂಡು ಬೆಳೆದ ಜೌಗು ನೆಲ, ಅದರಾಚೆ ಹೊಲ. ಸಮುದ್ರ ಐದಾರು ಕಿಲೋಮೀಟರ್ ದೂರ ಸರಿದಿದೆ. ಇವತ್ತು ಕುಚುಕ್ ಮೆಂಡೆರೆಸ್ ಅಂತ ಕರೆಯುವ ನದಿ, ಹಿಂದಿನವರು ಕೇಸ್ಟರ್ ಅನ್ನುತ್ತಿದ್ದ ನದಿ, ಶತಮಾನಗಳ ಕಾಲ ಹೂಳು ತಂದು ತಂದು ಬಂದರನ್ನು ಮುಚ್ಚಿಹಾಕಿತು. ಊರಿನವರು ಸುಮ್ಮನೆ ಕೂತಿರಲಿಲ್ಲ. ಅಟ್ಟಲಸ್ ಅನ್ನುವ ರಾಜ, ಬಂದರಿನ ಬಾಯಿ ಕಿರಿದು ಮಾಡಿದರೆ ಒಳಗೆ ಆಳ ಜಾಸ್ತಿಯಾಗುತ್ತದೆ ಅಂತ ಒಡ್ಡು ಕಟ್ಟಿಸಿದ. ಆದದ್ದು ಉಲ್ಟಾ. ಮೊದಲು ಅಲೆಯ ಏರಿಳಿತಕ್ಕೆ ಕೊಚ್ಚಿಹೋಗುತ್ತಿದ್ದ ಹೂಳು ಆಮೇಲೆ ಒಳಗೇ ಉಳಿಯಿತು. ಭೂಗೋಳ ಬರೆದ ಸ್ಟ್ರಾಬೊ ಈ ಕಥೆ ಹೇಳುತ್ತಾನೆ. ತಪ್ಪು ಎಂಜಿನಿಯರಿಂಗ್‌ಗೆ ಎರಡು ಸಾವಿರ ವರ್ಷದ ಹಿಂದಿನ ದಾಖಲೆ!

ಹಡಗಿನಿಂದ ಬಂದ ನಮಗೆ ಈ ಊರಿನಲ್ಲಿ ಮುಖ್ಯವಾಗಿ ತಿಳಿಯಬೇಕಾದ್ದು ಇದೇ ಅಲ್ವಾ? ಎಫೆಸಸ್ ಬದುಕಿದ್ದು ಹಡಗುಗಳಿಂದ. ಹಡಗು ಬರುವುದು ನಿಂತಾಗ ಊರೂ ನಿಂತಿತು. ಹಡಗಿನಿಂದ ಇಳಿದವರಿಗೆ ಏನಾದರೂ ಮಾರಿಯೇ ಇಲ್ಲಿನ ಎಷ್ಟೋ ಮನೆಗಳಲ್ಲಿ ಒಲೆ ಉರಿಯುತ್ತಿತ್ತು.

ಇದಕ್ಕೆ ಸಾಕ್ಷಿಯೂ ಉಂಟು. ಬೈಬಲ್ಲಿನ ಅಪೊಸ್ತಲರ ಕೃತ್ಯಗಳು, 19ನೇ ಅಧ್ಯಾಯ. ಎಫೆಸಸ್‌ನಲ್ಲಿ ಆರ್ಟೆಮಿಸ್ ದೇವಿಯ ಗುಡಿ ಇತ್ತು. ಹಳೇ ಜಗತ್ತಿನ ಏಳು ಅದ್ಭುತಗಳಲ್ಲಿ ಒಂದು. ದೂರದಿಂದ ಯಾತ್ರಿಕರು ಬರುತ್ತಿದ್ದರು. ದೆಮೇತ್ರಿಯ ಅನ್ನುವ ಅಕ್ಕಸಾಲಿ ದೇವಿಯ ಗುಡಿಯ ಬೆಳ್ಳಿ ಪ್ರತಿಗಳನ್ನು ಮಾಡಿಸಿ ಮಾರುತ್ತಿದ್ದ. ಒಳ್ಳೆ ವ್ಯಾಪಾರ. ಅಷ್ಟರಲ್ಲಿ ಕ್ರೈಸ್ತ ಧರ್ಮ ಬೋಧಿಸುತ್ತಿದ್ದ ಪೌಲ ಬಂದು, ಕೈಯಿಂದ ಮಾಡಿದ್ದು ದೇವರಲ್ಲ ಅಂತ ಬೋಧಿಸಲು ಶುರುಮಾಡಿದ. ದೆಮೇತ್ರಿಯ ಕಸುಬಿನವರನ್ನೆಲ್ಲ ಕೂಡಿಸಿ, ನಮ್ಮ ಹೊಟ್ಟೆಪಾಡಿಗೆ ಕುತ್ತು ಬಂತು ಅಂದ. ಹೊಟ್ಟೆಪಾಡಿನ ಮಾತು ಮೊದಲು, ದೇವಿಯ ಮಹಿಮೆಗೆ ಕುಂದು ಬಂತು ಅನ್ನುವುದು ಎರಡನೆಯದು. ಗಲಾಟೆ ಎದ್ದಿತು. ಜನ ಪೌಲನ ಇಬ್ಬರು ಸಂಗಡಿಗರನ್ನು ಹಿಡಿದು ರಂಗಮಂದಿರಕ್ಕೆ ಎಳೆದುಕೊಂಡು ಬಂದು, ‘ಎಫೆಸದವರ ಆರ್ಟೆಮಿಸ್ ದೊಡ್ಡವಳು’ ಅಂತ ಎರಡು ಗಂಟೆ ಕಾಲ ಕೂಗಿದರು. ಅಲ್ಲಿ ಸೇರಿದ್ದ ಎಷ್ಟೋ ಜನಕ್ಕೆ ಯಾಕೆ ಸೇರಿದ್ದೇವೆ ಅನ್ನುವುದೇ ಗೊತ್ತಿರಲಿಲ್ಲವಂತೆ. ಈಗ 25,000 ಜನ ಹಿಡಿಸುತ್ತಿತ್ತು ಅಂತ ಗೈಡ್‌ಗಳು ತೋರಿಸುವ ರಂಗಮಂದಿರ ಅದೇ.

ಅಂದರೆ ಕರಕುಶಲ ವಸ್ತು ಮಾರುವವರ ಸಂಘ, ಪ್ರವಾಸಿಗಳ ಮೇಲೆ ನಿಂತ ಆದಾಯ, ಅದಕ್ಕೆ ಧಕ್ಕೆ ಬಂದಾಗ ಪ್ರತಿಭಟನೆ, ಎಲ್ಲವೂ ಒಂದನೇ ಶತಮಾನದಲ್ಲೇ ಇಲ್ಲಿ ಆಗಿಹೋಗಿದೆ. ಆಮೇಲೆ ಊರು ಕ್ರೈಸ್ತವಾಯಿತು. ಆರ್ಟೆಮಿಸ್ ಹೋದಳು, ವ್ಯಾಪಾರ ಹೋಗಲಿಲ್ಲ. 1895ರಿಂದ ಇಲ್ಲಿ ಅಗೆಯುತ್ತಿರುವ ಆಸ್ಟ್ರಿಯಾದ ಪುರಾತತ್ವ ತಂಡದವರು 2022ರಲ್ಲಿ ಒಂದು ಅಂಗಡಿ ಸಾಲನ್ನು ಹೊರತೆಗೆದ ಸುದ್ದಿ ಕೊಟ್ಟರು. ಕ್ರಿಸ್ತಶಕ 614-15ರ ಹೊತ್ತಿಗೆ ಬೆಂಕಿಗೆ ಸಿಕ್ಕಿ, ಇದ್ದದ್ದು ಇದ್ದ ಹಾಗೇ ಹೂತುಹೋದ ಅಂಗಡಿಗಳು. ಅದರಲ್ಲಿ ಒಂದರಲ್ಲಿ ದೀಪಗಳು, ಜೊತೆಗೆ ಯಾತ್ರಿಕರು ಕೊರಳಿಗೆ ಕಟ್ಟಿಕೊಂಡು ಹೋಗುವ ಸಣ್ಣ ಸಣ್ಣ ಮಣ್ಣಿನ ಕುಪ್ಪಿಗಳು ನೂರಾರು ಸಿಕ್ಕಿದವು. ಇವತ್ತಿನ ಕೆಳಗಿನ ಗೇಟಿನಲ್ಲಿ ಮ್ಯಾಗ್ನೆಟ್ ಮಾರುವವನ ಸ್ಟಾಕ್ ನೋಡಿದ್ದವರಿಗೆ ಆ ಅಂಗಡಿಯ ಚಿತ್ರ ಬೇರೆ ಬಿಡಿಸಿ ಹೇಳಬೇಕಿಲ್ಲ.

ಇಷ್ಟು ಹೇಳಿದ್ದು ಯಾಕೆಂದರೆ, ಗುಂಪಿನಲ್ಲಿ ಒಬ್ಬರು ರತ್ನಗಂಬಳಿ ಅಂಗಡಿಯ ಬಾಗಿಲಲ್ಲಿ ನಿಂತು, ಪವಿತ್ರ ಇತಿಹಾಸ ಮುಗಿಯಿತು, ಇನ್ನು ಕೊಳಕು ವ್ಯಾಪಾರ ಶುರು ಅನ್ನುವ ಹಾಗೆ ನಿಟ್ಟುಸಿರು ಬಿಟ್ಟರು. ನನಗೆ ಹಾಗೆ ಅನ್ನಿಸಲಿಲ್ಲ.

ಒಳಗೆ ಮೊದಲು ಒಂದು ಕೋಣೆ. ಎರಡು ಮಗ್ಗ. ಒಂದರ ಮುಂದೆ ಒಬ್ಬ ಹೆಂಗಸು, ತಲೆಗೆ ಹೂವಿನ ಸ್ಕಾರ್ಫ್. ಹಾಸಿನ ದಾರಗಳು ಮೇಲಿನಿಂದ ಕೆಳಕ್ಕೆ ಬಿಗಿದಿವೆ. ಆಕೆ ಬಣ್ಣದ ನೂಲಿನ ತುಂಡೊಂದನ್ನು ಎರಡು ಹಾಸು ದಾರಗಳಿಗೆ ಸುತ್ತಿ, ಎರಡೂ ತುದಿಗಳನ್ನು ನಡುವಿನಿಂದ ಹೊರಗೆ ಎಳೆದು, ಚಾಕುವಿನಲ್ಲಿ ಕತ್ತರಿಸುತ್ತಾಳೆ. ಇಷ್ಟೂ ಕಣ್ಣು ಮಿಟುಕಿಸುವುದರೊಳಗೆ. ಇದಕ್ಕೆ ಟರ್ಕಿಯ ಗಂಟು, ಅಥವಾ ಗೋರ್ಡೆಸ್ ಗಂಟು ಅನ್ನುತ್ತಾರೆ. ಪರ್ಷಿಯಾದ ಗಂಟು ಬೇರೆ. ಅದರಲ್ಲಿ ನೂಲು ಒಂದು ದಾರವನ್ನು ಪೂರ್ತಿ ಸುತ್ತುತ್ತದೆ, ಇನ್ನೊಂದರ ಹಿಂದೆ ಹಾಗೇ ಹಾದು ಬರುತ್ತದೆ. ಟರ್ಕಿಯದ್ದು ಹೆಚ್ಚು ಗಟ್ಟಿ, ಪರ್ಷಿಯಾದ್ದು ಬಳುಕುವ ವಿನ್ಯಾಸಕ್ಕೆ ಅನುಕೂಲ ಅನ್ನುವುದು ಅಂಗಡಿಯವರ ಮಾತು. ಒಂದು ಸಾಲು ಗಂಟು ಮುಗಿದರೆ ಅಡ್ಡಕ್ಕೆ ಹೊಕ್ಕಿನ ದಾರ ಓಡಿಸಿ, ಭಾರದ ಹಣಿಗೆಯಿಂದ ಕುಟ್ಟಿ ಕೂರಿಸಬೇಕು. ಆಮೇಲೆ ಮತ್ತೆ ಗಂಟು.

ಲೆಕ್ಕ ಹಾಕಿದರೆ ತಲೆ ತಿರುಗುತ್ತದೆ. ಹೆರೆಕೆ ಅನ್ನುವ ಊರಿನ ರೇಷ್ಮೆ ಕಂಬಳಿಗಳಿಗೆ ದೊಡ್ಡ ಹೆಸರು. 1840ರ ದಶಕದಲ್ಲಿ ಸುಲ್ತಾನ ಅಬ್ದುಲ್‌ಮಜೀದ್ ಶುರುಮಾಡಿಸಿದ ಕಾರ್ಖಾನೆ ಅಲ್ಲಿಯದು. ಒಳ್ಳೆ ಹೆರೆಕೆ ಕಂಬಳಿಯಲ್ಲಿ ಒಂದು ಚದರ ಸೆಂಟಿಮೀಟರಿಗೆ 100 ಗಂಟು. ಒಂದು ಚದರ ಮೀಟರಿಗೆ ಹತ್ತು ಲಕ್ಷ. ಒಬ್ಬಳೇ ಕೂತು ದಿನಕ್ಕೆ 8,000 ಗಂಟು ಹಾಕಿದರೂ ಆ ಒಂದು ಚದರ ಮೀಟರಿಗೆ 125 ದಿನ. ಒಂದು ದಿನವೂ ರಜೆ ಇಲ್ಲದೆ.

ಪಕ್ಕದಲ್ಲಿ ರೇಷ್ಮೆಗೂಡುಗಳನ್ನು ಬಿಸಿನೀರಿನಲ್ಲಿ ಹಾಕಿ ಎಳೆ ಬಿಚ್ಚುವುದನ್ನು ತೋರಿಸಿದರು. ಪೊರಕೆಯಂಥ ಒಂದು ಕುಂಚದಿಂದ ನೀರಲ್ಲಿ ತಟ್ಟಿದರೆ ಎಳೆಗಳ ತುದಿ ಸಿಗುತ್ತದೆ. ಅಷ್ಟೊಂದು ಗೂಡುಗಳ ಎಳೆ ಒಟ್ಟಿಗೆ ರಾಟೆಗೆ ಏರಿದಾಗ ಗುಂಪಿನಲ್ಲಿ ಎಲ್ಲರೂ ಫೋನ್ ಎತ್ತಿದರು. ಬಣ್ಣದ ಬುಟ್ಟಿಗಳೂ ಇದ್ದವು. ಕೆಂಪಿಗೆ ಮಂಜಿಷ್ಠದ ಬೇರು, ನೀಲಿಗೆ ನೀಲಿಗಿಡ, ಕಂದಿಗೆ ಅಕ್ರೋಟಿನ ಸಿಪ್ಪೆ.

ಅಕ್ಕ ಮಗ್ಗದ ಮುಂದೆ ಕೂತುಬಿಟ್ಟಳು. ಆ ಹೆಂಗಸಿಗೆ ಇಂಗ್ಲಿಷ್ ಬರುವುದಿಲ್ಲ, ಅಕ್ಕನಿಗೆ ಟರ್ಕಿಶ್ ಬರುವುದಿಲ್ಲ. ಆಕೆ ಅಕ್ಕನ ಬೆರಳು ಹಿಡಿದು ಒಂದು ಗಂಟು ಹಾಕಿಸಿದಳು. ಎರಡನೆಯದು ಅಕ್ಕ ತಾನೇ ಹಾಕಿದಳು. ಆಕೆ ನೋಡಿ, ತಲೆ ಅಲ್ಲಾಡಿಸಿ, ಬಿಚ್ಚಿ ಮತ್ತೆ ಹಾಕಿಸಿದಳು. ಅಷ್ಟರಲ್ಲಿ ಸೂಟು ತೊಟ್ಟವರೊಬ್ಬರು ಬಂದು, ಬನ್ನಿ ಬನ್ನಿ, ಒಳಗೆ ಚಹಾ ತಯಾರಿದೆ ಅಂದರು.

“ಇನ್ನೊಂದು ಸ್ವಲ್ಪ ಹೊತ್ತು ಬಿಟ್ಟಿದ್ರೆ ಕಲ್ತುಬಿಡ್ತಿದ್ದೆ ಕಣೇ” ಅಂದಳು ಅಕ್ಕ, ಏಳುತ್ತಾ.

“ನೂರಿಪ್ಪತ್ತೈದು ದಿನ ಬೇಕಂತೆ. ಹಡಗು ಕಾಯಲ್ಲ” ಅಂದರು ಭಾವ.

ನನ್ನ ತಕರಾರು ಇಲ್ಲಿ. ಮುಕ್ಕಾಲು ಗಂಟೆ ಆ ಅಂಗಡಿಯಲ್ಲಿದ್ದೆವು. ಮಗ್ಗದ ಮುಂದೆ ಕಳೆದದ್ದು ಅದರಲ್ಲಿ ತೀರಾ ಸಣ್ಣ ಪಾಲು. ಉಳಿದದ್ದೆಲ್ಲ ಒಳಗಿನ ಹಾಲಿನಲ್ಲಿ. ಸುತ್ತ ಬೆಂಚು, ಕೈಗೆ ಸೇಬಿನ ಚಹಾ, ಹುಡುಗರು ಒಂದರ ಮೇಲೊಂದು ಕಂಬಳಿ ಬಿಡಿಸಿ ಎಸೆಯುತ್ತಾರೆ. ಅದೂ ಒಂದು ವಿದ್ಯೆ, ಸುಳ್ಳು ಹೇಳಬಾರದು. ಇಡೀ ಕಂಬಳಿ ಗಾಳಿಯಲ್ಲಿ ಅರ್ಧ ಸುತ್ತು ತಿರುಗಿ ನಿಮ್ಮ ಪಾದದ ಹತ್ತಿರ ಬಂದು ಬೀಳುತ್ತದೆ. ಅದೇ ಕಂಬಳಿಯನ್ನು ಆ ಕಡೆಯಿಂದ ನೋಡಿದರೆ ತಿಳಿ ಬಣ್ಣ, ಈ ಕಡೆಯಿಂದ ನೋಡಿದರೆ ಗಾಢ. ನೂಲಿನ ತುದಿಗಳು ಒಂದೇ ದಿಕ್ಕಿಗೆ ಬಾಗಿರುವುದರಿಂದ ಬೆಳಕು ಹಾಗೆ ಆಡುತ್ತದೆ. ಇದನ್ನು ಮಾಯಾಜಾಲದ ಹಾಗೆ ತೋರಿಸುತ್ತಾರೆ. ಆಮೇಲೆ ದೀಪ ಪೂರ್ತಿ ಹಾಕುತ್ತಾರೆ, ಒಬ್ಬೊಬ್ಬ ಸೇಲ್ಸ್‌ಮನ್ ಒಂದೊಂದು ಕುಟುಂಬದ ಪಕ್ಕ ಬಂದು ಕೂರುತ್ತಾನೆ. ಕೊಳ್ಳುವುದಿಲ್ಲ ಅಂದರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಇನ್ನೊಂದು ತೋರಿಸುತ್ತಾನೆ ಅಷ್ಟೇ.

ಇದಕ್ಕೆ ಯಾರನ್ನು ಬೈಯುವುದು? ದುಡ್ಡು ಹರಿಯುವ ದಾರಿ ನೋಡಿದರೆ ಅರ್ಥವಾಗುತ್ತದೆ. ಪ್ರಯಾಣಿಕ ಹಡಗಿನ ಕಂಪನಿಗೆ ದುಡ್ಡು ಕೊಡುತ್ತಾನೆ. ಕಂಪನಿ ತನ್ನ ಪಾಲು ಇಟ್ಟುಕೊಂಡು ಬಂದರಿನ ಏಜೆನ್ಸಿಗೆ ಕೊಡುತ್ತದೆ. ಏಜೆನ್ಸಿ ಅದರಲ್ಲೇ ಬಸ್ಸು, ಡ್ರೈವರ್, ಗೈಡ್, ಪ್ರವೇಶ ಟಿಕೆಟ್ ಎಲ್ಲ ನೋಡಿಕೊಳ್ಳಬೇಕು. ಹಡಗಿನ ಕಂಪನಿ ದರ ಹಿಂಡಿದಷ್ಟೂ ಏಜೆನ್ಸಿಗೆ ಅಂಗಡಿಯ ಕಮಿಷನ್ ಬೇಕಾಗುತ್ತದೆ. ಕಮಿಷನ್ ಬರಬೇಕಾದರೆ ಗುಂಪು ಅಂಗಡಿಯಲ್ಲಿ ಕೂರಬೇಕು. ಕೂರಬೇಕಾದರೆ ಬೇರೆ ಕಡೆ ಸಮಯ ಕತ್ತರಿಸಬೇಕು. ಈ ಸರಪಳಿಯಲ್ಲಿ ಗೈಡ್ ಮುಖ ಮಾತ್ರ ನಮಗೆ ಕಾಣುತ್ತದೆ, ಹಾಗಾಗಿ ಬೈಗುಳ ಅವರಿಗೆ. ಕಂಬಳಿ ಕೊಂಡವನು ಕೊಡುವ ಬೆಲೆಯಲ್ಲಿ ಈ ಕಮಿಷನ್ ಸೇರಿರುತ್ತದೆ. ಮಗ್ಗದ ಮುಂದೆ ಕೂತ ಹೆಂಗಸಿಗೆ ಅದರಲ್ಲಿ ಎಷ್ಟು ಅಂತ ಆ ಹಾಲಿನಲ್ಲಿ ಯಾರೂ ಹೇಳುವುದಿಲ್ಲ. ನಾನು ಕೇಳಿದೆ. ಚಹಾ ಇನ್ನೊಂದು ಕಪ್ ಬಂತು.

ಪೂರ್ತಿ ಖಾಸಗಿ ಗೈಡ್ ಮಾಡಿಕೊಂಡು, ಅಂಗಡಿ ಬೇಡ ಅಂತ ಮೊದಲೇ ಹೇಳಿದರೆ ಅದಕ್ಕೆ ದರ ಜಾಸ್ತಿ. ಅದು ನ್ಯಾಯವಾದ ದರ ಅಂತ ನನ್ನ ಅಭಿಪ್ರಾಯ. ಅಗ್ಗದ ಟೂರಿನ ಉಳಿದ ದುಡ್ಡನ್ನು ಪಕ್ಕದ ಸೀಟಿನವರು ಕಂಬಳಿ ಕೊಂಡು ತುಂಬುತ್ತಾರೆ, ಅಷ್ಟೇ ವ್ಯತ್ಯಾಸ.

“ಆ ಹೆಂಗಸು ನೇಯೋದು ಸುಮ್ನೆ ನಾಟಕ, ನಾವು ಹೋದ ಮೇಲೆ ಎದ್ದು ಹೋಗ್ತಾಳೆ” ಅಂತ ಬಸ್ಸಿನಲ್ಲಿ ಹಿಂದಿನ ಸೀಟಿನವರು ಹೇಳುತ್ತಿದ್ದರು. ಇರಬಹುದು. ಆದರೆ ಎರಡು ಗಂಟೆ ಮೊದಲು ಅದೇ ಜನ ಬಾಯಿ ಬಿಟ್ಟುಕೊಂಡು ನೋಡಿದ ಸೆಲ್ಸಸ್ ಗ್ರಂಥಾಲಯ ಏನು? ಆ ಎರಡಂತಸ್ತಿನ ಮುಂಭಾಗ ಹತ್ತಿರ ಹತ್ತಿರ ಸಾವಿರ ವರ್ಷ ನೆಲಕ್ಕೆ ಬಿದ್ದಿತ್ತು. 1970ರಿಂದ 1978ರವರೆಗೆ ಆಸ್ಟ್ರಿಯಾದ ತಜ್ಞರು ಬಿದ್ದ ತುಂಡುಗಳನ್ನು ಹುಡುಕಿ, ಜೋಡಿಸಿ, ಮತ್ತೆ ಎಬ್ಬಿಸಿ ನಿಲ್ಲಿಸಿದರು. ಅದರ ಗೂಡುಗಳಲ್ಲಿ ನಿಂತ ನಾಲ್ಕು ಸ್ತ್ರೀ ಪ್ರತಿಮೆಗಳು ನಕಲು. ಅಸಲು ವಿಯೆನ್ನಾದಲ್ಲಿವೆ. ಹೇಡ್ರಿಯನ್ ದೇವಾಲಯದ ಕೆತ್ತನೆಯ ಪಟ್ಟಿಗಳೂ ನಕಲೇ. ಅವುಗಳ ಅಸಲು ಪಕ್ಕದ ಸೆಲ್ಚುಕ್ ಊರಿನ ಮ್ಯೂಸಿಯಂನಲ್ಲಿದೆ. ಇದರಲ್ಲಿ ಮೋಸ ಇಲ್ಲ, ಚೆನ್ನಾಗಿಯೇ ಮಾಡಿದ್ದಾರೆ. ಆದರೆ ನೋಡುವವರಿಗಾಗಿ ನಿಲ್ಲಿಸಿದ್ದು ಅನ್ನುವುದರಲ್ಲಿ ಗ್ರಂಥಾಲಯವೂ ಮಗ್ಗವೂ ಒಂದೇ. ಒಂದಕ್ಕೆ ಕೈಮುಗಿದು ಇನ್ನೊಂದಕ್ಕೆ ಮೂಗು ಮುರಿಯುವುದು ಯಾಕೆ?

ಪ್ರವಾಸಿಗಳಿಗಾಗಿ ಮಾಡಿದ್ದು ಎಂಬ ಮಾತ್ರಕ್ಕೆ ಕಸುಬು ಸುಳ್ಳಾಗುವುದಿಲ್ಲ. ಈಜಿಪ್ಟಿನ ಪಪೈರಸ್ ನೋಡಿ. ಹಾಳೆ ಮಾಡುವ ವಿದ್ಯೆ ಅಲ್ಲಿ ಪೂರ್ತಿ ಸತ್ತಿತ್ತು. 1960ರ ದಶಕದಲ್ಲಿ ಹಸನ್ ರಗಬ್ ಅನ್ನುವ ಎಂಜಿನಿಯರ್ ಗಿಡ ಬೆಳೆಸಿ, ಪ್ರಯೋಗ ಮಾಡಿ ಮಾಡಿ ಅದನ್ನು ಮತ್ತೆ ಕಂಡುಕೊಂಡರು. ಅದನ್ನು ಇವತ್ತು ಜೀವಂತ ಇಟ್ಟಿರುವುದು ಬಹುಪಾಲು ಪ್ರವಾಸಿಗಳ ದುಡ್ಡು. ಅದೇ ದುಡ್ಡು ಬಾಳೆ ಎಲೆಯ ನಕಲಿ ಪಪೈರಸ್ಸನ್ನೂ ಸಾಕುತ್ತಿದೆ, ಅದು ಬೇರೆ ಮಾತು. ಟರ್ಕಿಯ ಕಂಬಳಿಯಲ್ಲೂ ಹೀಗೊಂದು ಕಥೆ ಇದೆ. 19ನೇ ಶತಮಾನದ ಕೊನೆಗೆ ರಾಸಾಯನಿಕ ಬಣ್ಣಗಳು ಬಂದು ಗಿಡಮೂಲದ ಬಣ್ಣಗಳನ್ನು ಮೂಲೆಗೆ ತಳ್ಳಿದವು. 1981ರಲ್ಲಿ ಹರಾಲ್ಡ್ ಬ್ಯೋಮರ್ ಅನ್ನುವ ಜರ್ಮನ್ ರಸಾಯನಶಾಸ್ತ್ರಜ್ಞ ಮರ್ಮರಾ ವಿಶ್ವವಿದ್ಯಾಲಯದ ಜೊತೆ ಸೇರಿ ದೋಬಾಗ್ ಅನ್ನುವ ಯೋಜನೆ ಶುರುಮಾಡಿದರು. ಹಳೇ ಕಂಬಳಿಗಳ ಬಣ್ಣ ಪರೀಕ್ಷಿಸಿ, ಅದೇ ಗಿಡಗಳಿಂದ ಬಣ್ಣ ಹಾಕುವುದನ್ನು ಐವಾಜಿಕ್ ಕಡೆಯ ಹಳ್ಳಿಯವರಿಗೆ ಮತ್ತೆ ಹೇಳಿಕೊಟ್ಟರು. ಹೆಂಗಸರ ಸಹಕಾರ ಸಂಘವೂ ಅದರಿಂದ ಹುಟ್ಟಿತು. ಆ ಕಂಬಳಿಗಳನ್ನೂ ಕೊಂಡವರು ಹೆಚ್ಚಾಗಿ ಹೊರಗಿನವರೇ.

ಹಾಗಾಗಿ ಕೊಳ್ಳಬೇಕು ಅನ್ನಿಸಿದರೆ ಕೊಳ್ಳಿ, ಆದರೆ ಕಂಬಳಿಯನ್ನು ಮಗುಚಿ ನೋಡಿ ಕೊಳ್ಳಿ. ಕೈಯಿಂದ ನೇಯ್ದದ್ದರ ಹಿಂಬದಿಯಲ್ಲಿ ವಿನ್ಯಾಸ ಮುಂದಿನಷ್ಟೇ ಸ್ಪಷ್ಟವಾಗಿ ಕಾಣುತ್ತದೆ, ಗಂಟುಗಳ ಸಾಲು ಅಲ್ಲಲ್ಲಿ ಸ್ವಲ್ಪ ಓರೆ ಇರುತ್ತದೆ. ಅಂಚಿನ ಕುಚ್ಚು ಹಾಸಿನ ದಾರದ್ದೇ ಮುಂದುವರಿಕೆ ಆಗಿರಬೇಕು, ಆಮೇಲೆ ಹೊಲಿದದ್ದಲ್ಲ. ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡುತ್ತೇನೆ ಅಂದರೆ ಒಳ್ಳೆ ಅಂಗಡಿಯವರು ಬೇಡ ಅನ್ನುವುದಿಲ್ಲ. ರೇಷ್ಮೆ ಅಂತ ಹೇಳಿ ಹೊಳಪು ಕೊಟ್ಟ ಹತ್ತಿ ಮಾರುವುದುಂಟು. ಎಳೆ ಸುಟ್ಟು ಕೂದಲಿನ ವಾಸನೆ ಬರುತ್ತದಾ ಅಂತ ನೋಡಿದರೆ ಗೊತ್ತಾಗುತ್ತದೆ, ಆದರೆ ಯಾರ ಅಂಗಡಿಯಲ್ಲಿ ಬೆಂಕಿಕಡ್ಡಿ ಗೀರುತ್ತೀರಿ? ಇನ್ನೊಂದು ಮಾತು. ಟರ್ಕಿಯ ಅಂಗಡಿಯಲ್ಲಿರುವುದೆಲ್ಲ ಟರ್ಕಿಯದ್ದೇ ಆಗಿರಬೇಕಿಲ್ಲ. ಇರಾನ್, ಅಫ್ಘಾನಿಸ್ತಾನ, ಚೀನಾದಿಂದಲೂ ಬರುತ್ತವೆ. ಕೇಳಿದರೆ ಹೇಳುತ್ತಾರೆ, ಕೇಳದಿದ್ದರೆ ಹೇಳುವುದಿಲ್ಲ. ಅಕ್ಕ ಒಂದು ಸಣ್ಣ ಕಿಲಿಮ್ ಕೊಂಡಳು. ಗಂಟಿಲ್ಲದೆ ಬರೀ ಹಾಸುಹೊಕ್ಕಿನಲ್ಲಿ ನೇಯುವ, ನಮ್ಮ ಜಮಖಾನೆಯಂಥದ್ದು. ಸೇಲ್ಸ್‌ಮನ್‌ಗೆ ಅಷ್ಟೇನೂ ಖುಷಿಯಾಗಲಿಲ್ಲ.

ನನಗೆ ನಿಜವಾಗಿ ಹೊಟ್ಟೆ ಉರಿದದ್ದು ಬೇರೆ ಎರಡು ವಿಷಯಕ್ಕೆ.

ಒಂದು, ಸೆಲ್ಚುಕ್‌ನ ಎಫೆಸಸ್ ಮ್ಯೂಸಿಯಂ. ಎದೆಯ ತುಂಬ ಮೊಟ್ಟೆಯಂಥ ಉಬ್ಬುಗಳಿರುವ ಆರ್ಟೆಮಿಸ್ ಪ್ರತಿಮೆಗಳು ಇರುವುದು ಅಲ್ಲಿ. ಮೂಲ ಕೆತ್ತನೆಗಳು ಇರುವುದೂ ಅಲ್ಲಿ. ನಮ್ಮ ಬಸ್ಸು ಆ ಊರಿನ ಅಂಚಿನಲ್ಲೇ ಹಾದುಹೋಯಿತು, ನಿಲ್ಲಲಿಲ್ಲ. ಆರ್ಟೆಮಿಸ್ ಗುಡಿಯ ಜಾಗವನ್ನು ಕಿಟಕಿಯಿಂದ ತೋರಿಸಿದರು. ನೂರಕ್ಕೂ ಹೆಚ್ಚು ಕಂಬಗಳಿದ್ದ ಗುಡಿಯಲ್ಲಿ ಈಗ ತುಂಡು ಸೇರಿಸಿ ನಿಲ್ಲಿಸಿದ ಒಂದೇ ಕಂಬ ಇದೆ. ಬ್ರಿಟಿಷ್ ಮ್ಯೂಸಿಯಂ ಪರವಾಗಿ ಹುಡುಕುತ್ತಿದ್ದ ಜಾನ್ ಟರ್ಟಲ್ ವುಡ್‌ಗೆ ಈ ಜಾಗ ಸಿಕ್ಕಿದ್ದು 1869ರ ಕೊನೆಗೆ, ವರ್ಷಗಟ್ಟಲೆ ಅಗೆದ ಮೇಲೆ. ನಮಗೆ ಸಿಕ್ಕಿದ್ದು ಬಸ್ಸು ತಿರುವು ತೆಗೆದುಕೊಳ್ಳುವಷ್ಟು ಹೊತ್ತು.

ಎರಡನೆಯದು ಟೆರೇಸ್ ಮನೆಗಳು. ಗ್ರಂಥಾಲಯದ ಎದುರಿನ ಗುಡ್ಡದ ಇಳಿಜಾರಿನಲ್ಲಿ ಶ್ರೀಮಂತರ ಮನೆಗಳು, ಮೇಲೆ ದೊಡ್ಡ ಚಾವಣಿ. ಒಳಗೆ ಗೋಡೆಚಿತ್ರ, ಮೊಸಾಯಿಕ್ ನೆಲ, ಬಿಸಿಗಾಳಿ ಹರಿಸುವ ಗೋಡೆ. ಟಿಕೆಟ್ ಬೇರೆ, ಮೆಟ್ಟಿಲು ಜಾಸ್ತಿ, ಹಾಗಾಗಿ ಹೆಚ್ಚಿನ ಹಡಗಿನ ಟೂರುಗಳು ಒಳಗೆ ಕರೆದುಕೊಂಡು ಹೋಗುವುದಿಲ್ಲ. ನಾವು ಹೋಗಿದ್ದು ಗೈಡ್ ಒಳ್ಳೆಯವರಾಗಿದ್ದರಿಂದ. ಐವತ್ತರ ಆಸುಪಾಸಿನ ಹೆಂಗಸು. ಗುಂಪು ಶೌಚಾಲಯ ಮತ್ತು ಫೋಟೋಗೆ ತೆಗೆದುಕೊಳ್ಳುವ ಬಿಡುವಿನಲ್ಲಿ, ಬೇಕಾದವರು ಟಿಕೆಟ್ ಕೊಂಡು ಬೇಗ ಹೋಗಿಬನ್ನಿ, ಗ್ರಂಥಾಲಯದ ಮೆಟ್ಟಿಲ ಹತ್ತಿರ ಕಾಯುತ್ತೇನೆ ಅಂದರು. ಭಾವ ಬರಲಿಲ್ಲ, ಗೈಡ್ ಪಕ್ಕದಲ್ಲೇ ನಿಂತರು.

ಅಲ್ಲಿ ಒಂದು ಮನೆಯ ದೊಡ್ಡ ಹಜಾರದ ಗೋಡೆಗಳಿಗೆ ಬಣ್ಣ ಬಣ್ಣದ ಅಮೃತಶಿಲೆಯ ಹಲಗೆ ಹೊದಿಸಿದ್ದರಂತೆ. ಭೂಕಂಪದಲ್ಲಿ ಅದೆಲ್ಲ ಚೂರಾಯಿತು. ಸುಮಾರು 1,20,000 ಚೂರು. ಆ ಚೂರುಗಳನ್ನು ಉದ್ದ ಮೇಜುಗಳ ಮೇಲೆ ಹರಡಿಕೊಂಡು, ಕಲ್ಲಿನೊಳಗಿನ ಗೆರೆಗೆ ಗೆರೆ ಕೂಡಿಸಿ, ಗೋಡೆ ಮತ್ತೆ ಕಟ್ಟುವ ಕೆಲಸ ವರ್ಷಗಳಿಂದ ನಡೆಯುತ್ತಿದೆ. ಪ್ರವಾಸಿಗಳ ಓಡಾಟದ ಗಾಜಿನ ಸೇತುವೆಯಿಂದ ಆ ಮೇಜುಗಳು ಕಾಣುತ್ತವೆ. ಇದೂ ಕೈಕೆಲಸವೇ. ಚಹಾ ಇಲ್ಲ, ಸೇಲ್ಸ್‌ಮನ್ ಇಲ್ಲ. ಅವಶೇಷವೂ ಕಾರ್ಯಾಗಾರವೂ ಒಂದೇ ಚಾವಣಿಯ ಕೆಳಗೆ. ಟೂರ್ ಪಟ್ಟಿಯ ಆ ಸಣ್ಣಕ್ಷರದ ಸಾಲಿಗೆ ಇದಕ್ಕಿಂತ ಸರಿಯಾದ ಜಾಗ ಎಫೆಸಸ್‌ನಲ್ಲಿ ಇನ್ನೊಂದಿಲ್ಲ.

ನೀವು ಆ ಕಡೆ ಹೋಗುವುದಾದರೆ ಹಡಗಿನ ಟೂರ್ ಡೆಸ್ಕಿನಲ್ಲಿ ಹಿಂದಿನ ದಿನವೇ ವಿಚಾರಿಸಿ. ಟೆರೇಸ್ ಮನೆಗಳ ಟಿಕೆಟ್ ಸೇರಿದೆಯಾ, ಮ್ಯೂಸಿಯಂನಲ್ಲಿ ಬಸ್ಸು ನಿಲ್ಲುತ್ತದಾ, ಅಂಗಡಿಯಲ್ಲಿ ಎಷ್ಟು ಹೊತ್ತು. ಒಂದೇ ಹೆಸರಿನ ಎಫೆಸಸ್ ಟೂರುಗಳು ಪಟ್ಟಿಯಲ್ಲಿ ಮೂರು ನಾಲ್ಕು ಇರುತ್ತವೆ. ಬೆಲೆಯ ವ್ಯತ್ಯಾಸ ಇರುವುದು ಈ ಪ್ರಶ್ನೆಗಳ ಉತ್ತರದಲ್ಲೇ. ಕುಶಾದಾಸಿಗೆ ವಾಪಸ್ ಬಂದ ಮೇಲೆ ಹಡಗಿಗೆ ಇನ್ನೂ ನಾಲ್ಕೈದು ಗಂಟೆ ಬಾಕಿ ಇದ್ದರೆ, ಸೆಲ್ಚುಕ್‌ಗೆ ದೋಲ್ಮುಶ್ ಅನ್ನುವ ಮಿನಿಬಸ್ಸುಗಳು ಓಡಾಡುತ್ತವೆ. ಮ್ಯೂಸಿಯಂ ನೋಡಿ ಆರಾಮವಾಗಿ ಬರಬಹುದು. ಭಾವನಂಥವರು ಜೊತೆಗಿದ್ದರೆ ಅವರನ್ನು ಹಡಗಿನಲ್ಲೇ ಬಿಟ್ಟು ಹೋಗಿ.